ಆರ್ಮ್‌ಸ್ಟ್ರಾಂಗ್‌ನ ಹಾಟ್ ಫೈವ್: ಯಾವ ಸೆಟ್ ತಗೊಳ್ಳಬೇಕು?

ಅಮೆರಿಕದ ಜಾಝ್ ತುತ್ತೂರಿ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ 1925ರಿಂದ 1928ರವರೆಗೆ ಷಿಕಾಗೋದಲ್ಲಿ ಓಕೆ ರೆಕಾರ್ಡ್ ಕಂಪನಿಗೆ ತನ್ನ ಹಾಟ್ ಫೈವ್, ಹಾಟ್ ಸೆವೆನ್ ತಂಡಗಳ ಜೊತೆ ನುಡಿಸಿದ ರೆಕಾರ್ಡುಗಳು ಬೇಕು ಅಂದರೆ ಜೆಎಸ್‌ಪಿ ಲೇಬಲ್‌ನ ನಾಲ್ಕು ಸಿಡಿಗಳ ಬಾಕ್ಸ್ ಹುಡುಕಿ. ನನ್ನ ಹತ್ತಿರ ಇನ್ನೊಂದು ದುಬಾರಿ ಬಾಕ್ಸ್ ಇದೆ, ಒಂದು 'ಬೆಸ್ಟ್ ಆಫ್' ಸಿಡಿಯೂ ಇದೆ. ಫೋನಿನ ಆ್ಯಪ್‌ನಲ್ಲೂ ಕೇಳಿದ್ದೇನೆ. ಆದರೆ ಕೈ ಹೋಗುವುದು ಜೆಎಸ್‌ಪಿ ಕಡೆಗೇ.

ದುಬಾರಿ ಬಾಕ್ಸ್ ನೋಡೋಕೆ ಬಹಳ ಚೆಂದ. ದಪ್ಪ ಪುಸ್ತಕ, ಅಪರೂಪದ ಫೋಟೋಗಳು, ಯಾವ ದಿನ ಯಾರು ಏನು ನುಡಿಸಿದರು ಅನ್ನುವ ಪಟ್ಟಿ. ಹಾಕಿದ ಕೂಡಲೇ ಖುಷಿಯೂ ಆಗುತ್ತದೆ. ಹಳೇ ಗ್ರಾಮಫೋನ್ ತಟ್ಟೆಯ 'ಸುಯ್' ಸದ್ದೇ ಇಲ್ಲ! ನಾಲ್ಕೈದು ಹಾಡು ಕಳೆಯುವಷ್ಟರಲ್ಲಿ ಏನೋ ಸಪ್ಪೆ ಅನ್ನಿಸೋಕೆ ಶುರುವಾಗುತ್ತದೆ. ಯಾಕೆ ಅಂತ ನನಗೆ ಗೊತ್ತಾದದ್ದು ಬ್ಯಾಂಜೋದಿಂದ.

ಮೊದಲ ಹಾಟ್ ಫೈವ್‌ನಲ್ಲಿ ಡ್ರಮ್ಸ್ ಇಲ್ಲ. ಆರ್ಮ್‌ಸ್ಟ್ರಾಂಗ್‌ನ ಕಾರ್ನೆಟ್ (ಗಿಡ್ಡ ತುತ್ತೂರಿ), ಕಿಡ್ ಓರಿಯ ಟ್ರಾಂಬೋನ್, ಜಾನಿ ಡಾಡ್ಸ್‌ನ ಕ್ಲಾರಿನೆಟ್, ಲಿಲ್ ಹಾರ್ಡಿನ್‌ಳ ಪಿಯಾನೋ, ಜಾನಿ ಸೇಂಟ್ ಸಿರ್‌ನ ಬ್ಯಾಂಜೋ, ಅಷ್ಟೇ. ಲಯ ಹಿಡಿಯುವ ಭಾರ ಪಿಯಾನೋ ಮತ್ತು ಬ್ಯಾಂಜೋ ಮೇಲೆ. ತಂತಿಗೆ ಏಟು ಬಿದ್ದ ಕ್ಷಣ ಒಂದು ಚೂಪಾದ 'ಟಿಣ್' ಕೇಳಬೇಕು. ದುಬಾರಿ ಬಾಕ್ಸ್‌ನಲ್ಲಿ ಅದು ಮೊಂಡಾಗಿದೆ. ಸ್ವರ ಗೊತ್ತಾಗುತ್ತದೆ, ಏಟು ಕೇಳುವುದಿಲ್ಲ. ಹಾಗಾಗಿ ಇಡೀ ತಂಡವೇ ಸ್ವಲ್ಪ ಸೋಮಾರಿಯಾಗಿ ನುಡಿಸುತ್ತಿರುವ ಹಾಗೆ ಭಾಸವಾಗುತ್ತದೆ. ಆ ಐದು ಜನಕ್ಕೆ ಇದು ಅನ್ಯಾಯ.

ಇದಕ್ಕೆ ಕಾರಣ ಇದೆ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಾಲದ ತಟ್ಟೆಗಳ ಅರಗಿನಲ್ಲಿ ಕಲ್ಲಿನ ನುಣ್ಣನೆ ಪುಡಿ ಬೆರೆಸುತ್ತಿದ್ದರು. ಸೂಜಿ ಅದರ ಮೇಲೆ ಉಜ್ಜಿಕೊಂಡು ಹೋಗುವಾಗ ಬರುವುದೇ ಆ 'ಸುಯ್'. ಕಂಪ್ಯೂಟರ್ ಈ ಸದ್ದಿನ ಒಂದು ತುಣುಕು ತಗೊಂಡು, ಅದನ್ನು ಹಾಡಿನುದ್ದಕ್ಕೂ ಕಳೆಯುತ್ತಾ ಹೋಗುತ್ತದೆ. ತೊಂದರೆ ಏನೆಂದರೆ, ಬ್ಯಾಂಜೋದ ಏಟು, ಸಿಂಬಲ್‌ನ ಹೊಳಪು, ತುತ್ತೂರಿಯೊಳಗೆ ಹೋಗುವ ಉಸಿರು ಎಲ್ಲವೂ 'ಸುಯ್' ಇರುವ ಅದೇ ಎತ್ತರದ ಕಂಪನಗಳಲ್ಲಿ ಸೇರಿಕೊಂಡಿರುತ್ತವೆ. 'ಸುಯ್' ಜೊತೆ ಅವೂ ಹೋಗುತ್ತವೆ. 'ಟಿಕ್ ಟಿಕ್' ತೆಗೆಯುವ ಯಂತ್ರದ ಕಥೆಯೂ ಇದೇ. ಅದು ಹಠಾತ್ತಾಗಿ ಎದ್ದ ಸದ್ದನ್ನು ಹುಡುಕಿ ಅಳಿಸುತ್ತದೆ. ಬ್ಯಾಂಜೋದ ಏಟೂ ಹಠಾತ್ತಾಗಿ ಎದ್ದ ಸದ್ದೇ ಅಲ್ವಾ?

1928ರ ಜೂನ್ 28ರ 'ವೆಸ್ಟ್ ಎಂಡ್ ಬ್ಲೂಸ್' ಎರಡರಲ್ಲೂ ಹಾಕಿ ನೋಡಿ. ಅಷ್ಟರಲ್ಲಿ ಹಾಟ್ ಫೈವ್‌ನ ವಾದಕರು ಬದಲಾಗಿದ್ದರು, ಡ್ರಮ್ಸ್ ನುಡಿಸುವವನೂ ಬಂದಿದ್ದ. ಟ್ರಾಂಬೋನ್ ಸೋಲೋ ಹಿಂದೆ ಆ ಡ್ರಮ್ಮರ್ ಝುಟಿ ಸಿಂಗಲ್‌ಟನ್‌ನ 'ಟಕ್ ಟಕ್' ಇದೆ. ಜೆಎಸ್‌ಪಿಯಲ್ಲಿ ಅದು ಕೋಣೆಯ ಒಂದು ಮೂಲೆಯಿಂದ ಬರುತ್ತದೆ, ಇನ್ನೊಂದರಲ್ಲಿ ರಟ್ಟು ಬಡಿದಂತೆ. ಕೊನೆಯಲ್ಲಿ ಆರ್ಮ್‌ಸ್ಟ್ರಾಂಗ್ ಒಂದೇ ಎತ್ತರದ ಸ್ವರವನ್ನು ಬಿಡದೆ ಹಿಡಿದು ನಿಲ್ಲುತ್ತಾನೆ. ದುಬಾರಿ ಬಾಕ್ಸ್‌ನಲ್ಲಿ ಆ ಸ್ವರದ ಬಾಲ ನೀರೊಳಗಿಂದ ಬಂದಂತೆ ನಡುಗುತ್ತದೆ. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

ಜೆಎಸ್‌ಪಿ ಬಾಕ್ಸ್‌ಗೆ ತಟ್ಟೆಗಳಿಂದ ಧ್ವನಿ ಎತ್ತಿಕೊಟ್ಟವನು ಇಂಗ್ಲೆಂಡಿನ ಜಾನ್ ಆರ್. ಟಿ. ಡೇವಿಸ್. ಸ್ವತಃ ಜಾಝ್ ವಾದಕ, ಟೆಂಪರೆನ್ಸ್ ಸೆವೆನ್ ತಂಡದಲ್ಲಿದ್ದವನು. ಬೇರೆ ಬೇರೆ ಅಳತೆಯ ಸೂಜಿಗಳನ್ನಿಟ್ಟು, ಗೆರೆಯಲ್ಲಿ ಸವೆಯದೆ ಉಳಿದ ಜಾಗ ಯಾವುದು ಅಂತ ಹುಡುಕುತ್ತಿದ್ದ. ಟೇಪಿನ ಕಾಲದಲ್ಲಿ 'ಟಿಕ್' ಬಂದ ಜಾಗವನ್ನು ಕಿವಿಯಿಂದ ಪತ್ತೆ ಮಾಡಿ, ಅಷ್ಟೇ ಅಷ್ಟು ಲೇಪವನ್ನು ಟೇಪಿನಿಂದ ಕೈಯಲ್ಲೇ ಕೆರೆದು ತೆಗೆಯುತ್ತಿದ್ದ. ಯಾವುದು ಗಲಾಟೆ, ಯಾವುದು ಸಂಗೀತ ಅಂತ ಮನುಷ್ಯನ ಕಿವಿ ನಿರ್ಧರಿಸಿದ್ದು ಇಲ್ಲಿ ಗೊತ್ತಾಗುತ್ತದೆ. 'ಸುಯ್' ಉಳಿದಿದೆ, ನಿಜ. ಎರಡನೇ ಹಾಡಿಗೆ ಅದು ಮರೆತೇ ಹೋಗುತ್ತದೆ.

'ಬೆಸ್ಟ್ ಆಫ್' ಸಿಡಿ ಬೇಡ. 1927ರ ಹಾಡಿನ ಪಕ್ಕದಲ್ಲೇ ಅದೇ ಹಾಡನ್ನು ಆತ 1950ರ ದಶಕದಲ್ಲಿ ಮತ್ತೆ ನುಡಿಸಿದ್ದನ್ನು ಸೇರಿಸಿರುತ್ತಾರೆ. ಯಾವುದು ಯಾವಾಗಿನದು ಅಂತ ಕವರಿನಲ್ಲಿ ಇರುವುದಿಲ್ಲ.

ಆ್ಯಪ್ ಸುಮ್ನೆ ಪರಿಚಯಕ್ಕೆ ಆದೀತು. 'ಪೊಟೇಟೋ ಹೆಡ್ ಬ್ಲೂಸ್' ಅಂತ ಹುಡುಕಿದರೆ ರಾಶಿ ಬಂದು ಬೀಳುತ್ತದೆ. ಅಲ್ಲಿ ತೋರಿಸುವ ಇಸವಿಯೂ ಮರುಬಿಡುಗಡೆಯದ್ದು.

ಜೆಎಸ್‌ಪಿಯಲ್ಲಿ ಬರಹ ಕಮ್ಮಿ, ಅಕ್ಷರ ಸಣ್ಣ. ಓದೋಕೆ ಈಗಲೂ ನಾನು ದುಬಾರಿ ಬಾಕ್ಸ್‌ನ ಪುಸ್ತಕವನ್ನೇ ತೆಗೆಯುತ್ತೇನೆ, ಅದನ್ನು ಮಾರುವುದಿಲ್ಲ. ಕಾರಿನಲ್ಲೋ ಅಡುಗೆಮನೆಯ ಸಣ್ಣ ಸ್ಪೀಕರಿನಲ್ಲೋ ಕೇಳುವವರಿಗೆ 'ಸುಯ್' ಇಲ್ಲದ ಸೆಟ್ಟೇ ಹಿತ ಅನ್ನಿಸಬಹುದು. ನಾನು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಒಂದು ಡಿಸ್ಕನ್ನು ಮೊದಲಿಂದ ಕೊನೆವರೆಗೆ ಕೇಳುವವನು, ನನಗೆ ಆ 'ಟಿಣ್' ಬೇಕೇ ಬೇಕು. ಜೆಎಸ್‌ಪಿ ಮೊದಲಿಂದಲೂ ಕಮ್ಮಿ ಬೆಲೆಯ ಸೆಟ್. ಉಳಿದ ದುಡ್ಡಿಗೆ ಆರ್ಮ್‌ಸ್ಟ್ರಾಂಗ್‌ನ ಗುರು ಕಿಂಗ್ ಆಲಿವರ್‌ನ ತಂಡದ 1923ರ ರೆಕಾರ್ಡುಗಳನ್ನು ತಗೊಳ್ಳಿ. ಅಲ್ಲಿ ಆರ್ಮ್‌ಸ್ಟ್ರಾಂಗ್ ಇನ್ನೂ ಎರಡನೇ ಕಾರ್ನೆಟ್.