ಕ್ರಿಪ್ಕಿ: ಮೊದಲು ಪುಸ್ತಕವೋ, ಪ್ರಬಂಧವೋ?

ಅಮೆರಿಕದ ತತ್ವಜ್ಞಾನಿ ಸೌಲ್ ಕ್ರಿಪ್ಕಿಯನ್ನು ಓದಬೇಕು ಅನ್ನುವವರ ಮುಂದೆ ಎರಡು ಬಾಗಿಲುಗಳಿವೆ. ಒಂದು ‘ನೇಮಿಂಗ್ ಅಂಡ್ ನೆಸೆಸಿಟಿ’ ಪುಸ್ತಕ. ಇನ್ನೊಂದು 1979ರ ‘ಎ ಪಜಲ್ ಅಬೌಟ್ ಬಿಲೀಫ್’ ಪ್ರಬಂಧ.

ಪುಸ್ತಕ ಅಂದರೆ 1970ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಕೊಟ್ಟ ಮೂರು ಉಪನ್ಯಾಸಗಳು. ಟಿಪ್ಪಣಿ ಕೂಡ ಇಟ್ಟುಕೊಳ್ಳದೆ ಮಾತಾಡಿದ್ದರಂತೆ! ಅದಕ್ಕೇ ಮಾತಿನ ಲಯ ಉಳಿದಿದೆ. ಹೆಸರು ಅನ್ನುವುದು ‘ಅಲೆಕ್ಸಾಂಡರನ ಗುರು’ ಎಂಬಂಥ ಒಂದು ವರ್ಣನೆಯ ಚಿಕ್ಕ ರೂಪವಲ್ಲ, ಅದು ನೇರವಾಗಿ ವ್ಯಕ್ತಿಗೇ ಅಂಟಿಕೊಂಡಿರುತ್ತದೆ ಎಂಬುದು ಮುಖ್ಯ ವಾದ. ಅರಿಸ್ಟಾಟಲ್ ಅಲೆಕ್ಸಾಂಡರನಿಗೆ ಪಾಠ ಹೇಳದೇ ಇದ್ದಿದ್ದರೂ ಅವನು ಅರಿಸ್ಟಾಟಲೇ ಅಲ್ವಾ? ಮೂರನೇ ಉಪನ್ಯಾಸದಲ್ಲಿ ನೋವು ಅಂದರೆ ಮಿದುಳಿನ ಒಂದು ಸ್ಥಿತಿ ಮಾತ್ರವೇ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ಜಾಸ್ತಿ ತಾಳ್ಮೆ ಬೇಕು.

ಪ್ರಬಂಧದ ನಾಯಕ ಪಿಯರ್ ಎಂಬ ಕಾಲ್ಪನಿಕ ವ್ಯಕ್ತಿ. ಫ್ರಾನ್ಸ್‌ನಲ್ಲಿದ್ದಾಗ ‘ಲೋಂದ್ರ್’ (ಲಂಡನ್ನಿಗೆ ಫ್ರೆಂಚ್ ಹೆಸರು) ಸುಂದರ ಊರು ಅಂತ ಕೇಳಿ ನಂಬಿದ. ಆಮೇಲೆ ಲಂಡನ್ನಿನ ಕೊಳಕು ಬಡಾವಣೆಗೆ ಬಂದ, ಅಕ್ಕಪಕ್ಕದವರಿಂದ ಇಂಗ್ಲಿಷ್ ಕಲಿತ, ‘ಲಂಡನ್’ ಸುಂದರವಲ್ಲ ಎಂದ. ಎರಡೂ ಒಂದೇ ಊರು ಅಂತ ಅವನಿಗೆ ಗೊತ್ತಿಲ್ಲ. ಅವನ ತರ್ಕದಲ್ಲಿ ತಪ್ಪಿಲ್ಲ. ಹಾಗಾದರೆ ಲಂಡನ್ ಸುಂದರ ಅಂತ ಅವನು ನಂಬುತ್ತಾನೋ, ಇಲ್ಲವೋ? ಕ್ರಿಪ್ಕಿ ಉತ್ತರ ಕೊಡುವುದಿಲ್ಲ. ಕೆಲವರಿಗೆ ಇದು ಕಿರಿಕಿರಿ; ನನಗೆ ಇದೇ ಇಷ್ಟ.

ಭಾಷೆಯ ಜೊತೆ ಮನಸ್ಸಿನ ಬಗ್ಗೆಯೂ ಕುತೂಹಲವಿದ್ದರೆ ಪುಸ್ತಕ ಹಿಡಿಯಿರಿ. ನಂಬಿಕೆ, ತರ್ಕಬದ್ಧತೆ ನಿಮ್ಮ ಆಸಕ್ತಿಯಾದರೆ ಪ್ರಬಂಧ. ಯಾವುದೂ ಗೊತ್ತಿಲ್ಲದಿದ್ದರೆ ಪಿಯರ್‌ನಿಂದಲೇ ಶುರು ಮಾಡಿ. ಅದಕ್ಕೆ ಹಿನ್ನೆಲೆಯ ಓದು ಅಷ್ಟಾಗಿ ಬೇಕಿಲ್ಲ.