ಕೌಲ್ ಬಜಾರಿನಲ್ಲಿ ಜೀನ್ಸ್ ಕೊಳ್ಳುವ ಮುಂಚೆ

ಬಳ್ಳಾರಿಯ ಕೌಲ್ ಬಜಾರಿನ ಗಲ್ಲಿಗಳಲ್ಲಿ ಕನ್ನಡ, ತೆಲುಗು, ದಖನಿ ಉರ್ದು, ಮರಾಠಿ ಎಲ್ಲವೂ ಕಿವಿಗೆ ಬೀಳುತ್ತವೆ. ಚೌಕಾಸಿ ಯಾವ ಭಾಷೆಯಲ್ಲಾದರೂ ನಡೆದೀತು. ಬ್ರಿಟಿಷ್ ದಂಡಿಗೆ ಸಮವಸ್ತ್ರ ಹೊಲಿಯುತ್ತಿದ್ದ ಮರಾಠಾ ದರ್ಜಿಗಳ ಕಸುಬೇ ಮುಂದೆ ಜೀನ್ಸಿಗೆ ಹೊರಳಿದ್ದು. ಈಗ ಹೊಲಿಯುವವರಲ್ಲಿ ಎಲ್ಲ ಜಾತಿ, ಧರ್ಮದವರೂ ಇದ್ದಾರೆ.

ಬೆಲೆ ಬ್ರಾಂಡ್ ಅಂಗಡಿಗಿಂತ ಬಹಳ ಕಡಿಮೆ, ಬಟ್ಟೆಗೂ ಹೆಸರಿಡುವಂತಿಲ್ಲ. ಕೈಕೊಡುವುದು ಹೊಲಿಗೆ. ಪ್ಯಾಂಟನ್ನು ಒಳಮೈ ತಿರುವಿ ನೋಡಿ: ಎರಡೂ ಕಾಲು ಕೂಡುವಲ್ಲಿ ಜೋಡಿ ಹೊಲಿಗೆ ಇರಲೇಬೇಕು, ಇಲ್ಲದಿದ್ದರೆ ಬೈಕ್ ಹತ್ತುವಾಗ ಬಿಚ್ಚಿಕೊಳ್ಳುತ್ತದೆ. ಜೇಬಿನ ಒಳಬಟ್ಟೆ ತೆಳುವಾಗಿದ್ದರೆ ಬೀಗದಕೈಗೇ ತೂತು ಬಿತ್ತು ಅನ್ನಿ. ಜಿಪ್ಪನ್ನು ನಾಲ್ಕಾರು ಸಲ ಎಳೆದು ನೋಡಿ.

ಒದ್ದೆ ಬಿಳಿ ಕರ್ಚೀಫಿನಿಂದ ಉಜ್ಜಿದಾಗ ನೀಲಿ ದಟ್ಟವಾಗಿ ಹತ್ತಿದರೆ ವಾಷಿಂಗ್ (ಹೊಲಿದ ಮೇಲೆ ಘಟಕದಲ್ಲೇ ಒಗೆದು ಹೆಚ್ಚಿನ ಬಣ್ಣ ಬಿಡಿಸುವುದು) ಅರೆಬರೆ ಆಗಿದೆ. ಮೊದಲ ಎರಡು ಮೂರು ಸಲ ಬೇರೆ ಬಟ್ಟೆ ಸೇರಿಸದೆ ಒಗೆಯಿರಿ. ಇಂಥದ್ದು ಕುಗ್ಗುವುದೂ ಹೆಚ್ಚು, ಉದ್ದದಲ್ಲಂತೂ. ಹಾಗಾಗಿ ಒಗೆದು ಒಣಗಿಸಿದ ಮೇಲೆಯೇ ಕಾಲುದ್ದ ಕತ್ತರಿಸಲು ದರ್ಜಿಗೆ ಕೊಡಿ.

ಸೈಜಿನ ಚೀಟಿ ನಂಬಬೇಡಿ. ಒಂದೊಂದು ಘಟಕದ 32 ಒಂದೊಂದು ಥರ. ಹೊಂದುವ ಹಳೇ ಪ್ಯಾಂಟೊಂದನ್ನು ಜೊತೆಗೆ ಒಯ್ದು, ಸೊಂಟಕ್ಕೆ ಸೊಂಟ ಹಿಡಿದು ನೋಡಿ. ವಾಪಸ್ ತಗೊಳ್ತಾರಾ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ.