ಎತ್ತರ ಬದಲಿಸುವ ಟ್ರೆಸಲ್ ಮೇಜು ಕೊಳ್ಳುವವರಿಗೆ ಒಂದು ಎಚ್ಚರಿಕೆ

ಎತ್ತರವನ್ನು ಹೆಚ್ಚು ಕಡಿಮೆ ಮಾಡಬಹುದಾದ ಎರಡು ಟ್ರೆಸಲ್ ಕಾಲುಗಳು (ಹಲಗೆಗೆ ಆಸರೆಯಾಗುವ ಬಿಡಿ ಚೌಕಟ್ಟುಗಳು), ಅವುಗಳ ಮೇಲೊಂದು ಹಲಗೆ: ಇಷ್ಟರಿಂದಲೇ ಆಗುವ ಮೇಜು ಬೆಂಗಳೂರಿನ ಬಾಡಿಗೆ ಮನೆಗಳಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಮನೆ ಬದಲಿಸುವಾಗ ಬಿಚ್ಚಿ ಒಯ್ಯಬಹುದು, ಇಕ್ಕಟ್ಟಿನ ಮೆಟ್ಟಿಲಿನಲ್ಲೂ ಸಾಗಿಸಬಹುದು, ಮೋಟಾರಿನಿಂದ ಏರಿಳಿಯುವ ಮೇಜಿಗಿಂತ ಬಹಳ ಅಗ್ಗ ಎಂಬ ಕಾರಣಗಳಿಂದ ನಾನೂ ಇಂಥದ್ದೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ರಾಜಾಜಿನಗರದ ನಮ್ಮ ಮನೆಯಲ್ಲಿ ಅದನ್ನು ನಿಂತು ಕೆಲಸ ಮಾಡುವ ಎತ್ತರಕ್ಕೆ ಏರಿಸಿದ ದಿನವೇ ಮಾನಿಟರ್ ಸಮೇತ ಪಕ್ಕಕ್ಕೆ ವಾಲಿ ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದೊಂದೇ ಸಮಾಧಾನ. ಕುಸಿದ ಮೇಜನ್ನು ಒಬ್ಬ ಅನುಭವಿ ಮರಗೆಲಸದವರಿಗೆ ತೋರಿಸಿದ ಮೇಲೆ, ಈ ಬಗೆಯ ಮೇಜಿನಲ್ಲೇ ಇರುವ ಒಂದು ಕೊರತೆಯನ್ನು ಮುಚ್ಚಿಟ್ಟು ಮಾರಲಾಗುತ್ತಿದೆ ಎಂದು ನನಗೆ ಖಚಿತವಾಯಿತು. ಇದನ್ನು ಬರೆಯುತ್ತಿರುವುದು ಆ ಕಾರಣಕ್ಕಾಗಿ.

ಪೆಟ್ಟಿಗೆಯಲ್ಲಿ ಬಂದದ್ದು ಪೈನ್ ಮರದ ಎರಡು ಟ್ರೆಸಲ್‌ಗಳು, ಲ್ಯಾಮಿನೇಟ್ ಹೊದಿಸಿದ 18 ಮಿ.ಮೀ. ದಪ್ಪದ ಪಾರ್ಟಿಕಲ್ ಬೋರ್ಡಿನ ಹಲಗೆ, ನಟ್ಟು ಬೋಲ್ಟುಗಳ ಒಂದು ಪೊಟ್ಟಣ, ಒಂದು ಅಲೆನ್ ಕೀ ಮತ್ತು ಅಕ್ಷರಗಳೇ ಇಲ್ಲದ, ಬರೀ ಚಿತ್ರಗಳ ಒಂದು ಹಾಳೆ. ಹಲಗೆಯ ಉದ್ದ 150 ಸೆಂ.ಮೀ., ಅಗಲ 75 ಸೆಂ.ಮೀ. ಪ್ರತಿ ಟ್ರೆಸಲ್‌ನಲ್ಲೂ ನೆಲದ ಮೇಲೆ ನಿಲ್ಲುವ ಹೊರ ಚೌಕಟ್ಟು ಒಂದು, ಅದರೊಳಗೆ ಮೇಲೆ ಕೆಳಗೆ ಜಾರುವ ಒಳ ಚೌಕಟ್ಟು ಇನ್ನೊಂದು. ಎರಡರ ಕಂಬಗಳಲ್ಲೂ 5 ಸೆಂ.ಮೀ. ಅಂತರದಲ್ಲಿ ತೂತುಗಳಿರುತ್ತವೆ, ಬೇಕಾದ ಎತ್ತರದಲ್ಲಿ ತೂತುಗಳನ್ನು ಹೊಂದಿಸಿ ಉಕ್ಕಿನ ಪಿನ್ನು ತೂರಿಸಬೇಕು. ಕೆಳಗಿನ ಮಟ್ಟ 70 ಸೆಂ.ಮೀ., ಮೇಲಿನದು 95. ಕುಳಿತು ಬರೆಯುವ ಮೇಜು ಸಾಮಾನ್ಯವಾಗಿ 72ರಿಂದ 75 ಸೆಂ.ಮೀ. ಎತ್ತರವಿರುತ್ತದೆ, ನನ್ನಂಥ ಕುಳ್ಳಗಿನವರಿಗೆ ನಿಂತು ಟೈಪು ಮಾಡಲು 95 ಸಾಕು. ಆದ್ದರಿಂದ ಲೆಕ್ಕದ ಪ್ರಕಾರ ಎಲ್ಲವೂ ಸರಿಯಾಗಿಯೇ ಇತ್ತು.

ಜೋಡಿಸಿಕೊಡಲು ಮಾರಾಟಗಾರರೇ ಒಬ್ಬ ಯುವಕನನ್ನು ಕಳಿಸಿದ್ದರು. ಅವನ ಮೇಲೆ ನನಗೆ ಸಿಟ್ಟಿಲ್ಲ; ಒಂದು ಮನೆಯ ಕೆಲಸ ಮುಗಿಯುವ ಮೊದಲೇ ಮುಂದಿನ ಮನೆಯಿಂದ ಫೋನು ಬರುವ ಉದ್ಯೋಗ ಅದು. ಒಂದು ಟ್ರೆಸಲ್‌ನಲ್ಲಿ ಎಡಗಡೆಯ ತೂತೂ ಬಲಗಡೆಯ ತೂತೂ ಒಂದೇ ಮಟ್ಟದಲ್ಲಿರಲಿಲ್ಲ. ಬಲಗಡೆ ಪಿನ್ನು ಸಲೀಸಾಗಿ ಹೋಯಿತು, ಎಡಗಡೆ ಅರ್ಧದಲ್ಲೇ ನಿಂತಿತು. ಅವನು ಸುತ್ತಿಗೆಯಿಂದ ಹೊಡೆದು ಅದನ್ನು ಕೂರಿಸಿದ. ತೂತಿನ ಕೆಳ ಅಂಚಿನಿಂದ ಮರದ ಎಳೆಯ ಗುಂಟ ಕೂದಲೆಳೆಯಷ್ಟು ಸಣ್ಣ ಸೀಳೊಂದು ಕೆಳಗಿಳಿದದ್ದನ್ನು ನಾನು ತೋರಿಸಿದಾಗ, ಪೈನ್ ಮರದಲ್ಲಿ ಅದು ಸಹಜ ಎಂದ. ಮೇಜನ್ನು ಎತ್ತಿ ನಿಲ್ಲಿಸಿ ಹಲಗೆಯ ತುದಿಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿದರೆ ಇಡೀ ಮೇಜು ಉದ್ದದ ದಿಕ್ಕಿನಲ್ಲಿ ತೂಗುತ್ತಿತ್ತು.

“ಇದು ಅಲ್ಲಾಡ್ತಿದೆಯಲ್ಲಪ್ಪ?”

“ಸಾಮಾನು ಇಟ್ಮೇಲೆ ಭಾರಕ್ಕೆ ಕೂತ್ಕೊಳ್ಳುತ್ತೆ ಮೇಡಂ. ಎಲ್ಲಾ ಕಡೆ ಹಿಂಗೇ ಇರೋದು. ಒಂದು ಒಟಿಪಿ ಬಂದಿರುತ್ತೆ ನೋಡಿ, ಹೇಳ್ಬಿಡಿ.”

ಈ ಒಟಿಪಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಭಾರ ಇಟ್ಟರೆ ಮೇಜು ಗಟ್ಟಿಯಾಗಿ ಕೂರುತ್ತದೆ ಎಂಬ ಮಾತಿನಲ್ಲಿ ಮಾತ್ರ ಸ್ವಲ್ಪವೂ ಹುರುಳಿಲ್ಲ. ಈ ಮಾತನ್ನು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಹಲಗೆಯ ಮೇಲಿನ ಭಾರ ಹೆಚ್ಚಿದಷ್ಟೂ, ಮೇಜು ಒಮ್ಮೆ ವಾಲಿದ ಮೇಲೆ ಅದನ್ನು ಇನ್ನಷ್ಟು ವಾಲಿಸುವ ಬಲವೂ ಹೆಚ್ಚುತ್ತದೆ.

ಕೆಳಗಿನ ಮಟ್ಟದಲ್ಲಿ ಮೇಜು ಹೇಗೋ ನಿಂತುಕೊಂಡಿತ್ತು. ಜಾಹೀರಾತಿನಲ್ಲಿ ತೋರಿಸಿದಂತೆಯೇ ಮೇಲಿನ ತೂತುಗಳಿಗೆ ಏರಿಸಿ, ಮಾನಿಟರ್ ಇಟ್ಟು, ನಾನು ಕೀಬೋರ್ಡನ್ನು ಸ್ವಲ್ಪ ಪಕ್ಕಕ್ಕೆ ತಳ್ಳಿದ್ದೇ ನೆಪವಾಯಿತು: ಎರಡೂ ಟ್ರೆಸಲ್‌ಗಳು ಒಂದೇ ದಿಕ್ಕಿಗೆ ಬಾಗಿದವು, ಹಲಗೆ ಎಡಕ್ಕೆ ಸರಿಯಿತು, ಮರ ಸೀಳಿದ ಶಬ್ದ ಕೇಳಿತು, ಮಾನಿಟರ್ ಮೊಸಾಯಿಕ್ ನೆಲಕ್ಕೆ ಮುಖವಡಿಯಾಗಿ ಬಿತ್ತು. ಹಲಗೆಯನ್ನು ತಿರುಗಿಸಿ ನೋಡಿದಾಗ ತಿರುಪುಗಳು ಮುರಿದಿರಲಿಲ್ಲ, ಬಾಗಿಯೂ ಇರಲಿಲ್ಲ. ಹೊಸದಾಗಿ ಹೊಳೆಯುತ್ತಿದ್ದ ತಿರುಪುಗಳು, ಕಾಲನ್ನು ಹಲಗೆಗೆ ಸೇರಿಸುವ ಬ್ರಾಕೆಟ್ಟಿನಲ್ಲೇ ನೆಟ್ಟಗೆ ನಿಂತಿದ್ದವು. ಪ್ರತಿಯೊಂದರ ಸುರುಳಿಗೂ ಮರದ ಪುಡಿ ಮೆತ್ತಿಕೊಂಡಿತ್ತು. ಅವು ಇದ್ದ ಜಾಗದಲ್ಲಿ ಹಲಗೆಯು ಬೆರಳು ತೂರುವಷ್ಟು ಅಗಲಕ್ಕೆ ಪುಡಿಯಾಗಿ ಉದುರಿತ್ತು.

ನಮ್ಮ ಪಕ್ಕದ ರಸ್ತೆಯಲ್ಲಿ ಮರಗೆಲಸದ ಅಂಗಡಿ ಇಟ್ಟಿರುವ ಆಚಾರ್ರು ಬಂದು ನೋಡಿ, ಮುರಿದ ಭಾಗವನ್ನು ಬಿಟ್ಟು ಮೊದಲು ಮುರಿಯದ ಟ್ರೆಸಲ್ ಒಂದನ್ನು ನಿಲ್ಲಿಸಿ ತೋರಿಸಿದರು. “ನೋಡಿಯಮ್ಮ, ಮುಂದಕ್ಕೂ ಹಿಂದಕ್ಕೂ ತಳ್ಳಿದರೆ ಇದು ಅಲುಗೋದಿಲ್ಲ, ಕಾಲು ಅಗಲವಾಗಿದೆ. ಪಕ್ಕಕ್ಕೆ ಮುಟ್ಟಿದ್ರೆ ಬೀಳುತ್ತೆ. ಎರಡು ಕಾಲಿಗೂ ಒಂದಕ್ಕೊಂದು ಸಂಬಂಧಾನೇ ಇಲ್ಲ” ಎಂದರು. ಇಡೀ ವಿಷಯದ ತಿರುಳು ಇದೇ. ಮರಗೆಲಸದವರು ಹಲಗೆ ಕೊಯ್ಯಲು ಬಳಸುವ ಸ್ಟ್ಯಾಂಡಿಗೆ ನಾಲ್ಕು ಕಾಲುಗಳಿದ್ದು, ಅವು ನಾಲ್ಕೂ ದಿಕ್ಕಿಗೆ ಹೊರಚಾಚಿರುತ್ತವೆ. ಆದ್ದರಿಂದ ಅದು ಒಂಟಿಯಾಗಿ ನಿಲ್ಲಬಲ್ಲದು. ಮೇಜಿಗೆಂದು ಮಾರುವ ಈ ಟ್ರೆಸಲ್‌ಗಳು ಚಪ್ಪಟೆಯಾದ ಚೌಕಟ್ಟುಗಳು. ಮೇಜಿನ ಅಗಲದ ದಿಕ್ಕಿನಲ್ಲಿ ಅವು ಭದ್ರ, ಉದ್ದದ ದಿಕ್ಕಿನಲ್ಲಿ ಅವುಗಳನ್ನು ನೆಟ್ಟಗೆ ಹಿಡಿದಿಡುವುದು ಹಲಗೆಗೆ ಹಾಕಿದ ನಾಲ್ಕಾರು ತಿರುಪುಗಳು ಮಾತ್ರ. ಹಾಳೆಯ ಯಾವ ಚಿತ್ರದಲ್ಲೂ ಎರಡು ಕಾಲುಗಳ ನಡುವೆ ಅಡ್ಡಪಟ್ಟಿ ಇರಲಿಲ್ಲ, ಪೆಟ್ಟಿಗೆಯಲ್ಲೂ ಇರಲಿಲ್ಲ.

ಎತ್ತರ ಹೆಚ್ಚಿದಂತೆ ಈ ದೌರ್ಬಲ್ಯ ಎರಡು ಬಗೆಯಲ್ಲಿ ಬೆಳೆಯುತ್ತದೆ. ಮೊದಲನೆಯದು ಸುಲಭವಾಗಿ ಊಹಿಸಬಹುದಾದದ್ದು: ಪಕ್ಕದಿಂದ ಬೀಳುವ ತಳ್ಳು ಅಷ್ಟೇ ಇದ್ದರೂ 70 ಸೆಂ.ಮೀ. ಎತ್ತರದಲ್ಲಿ ಆಗುವುದಕ್ಕಿಂತ 95ರಲ್ಲಿ ಕೀಲುಗಳ ಮೇಲಿನ ತಿರುಚು ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚಾಗುತ್ತದೆ. ಎರಡನೆಯದು ಕಣ್ಣಿಗೆ ಬೀಳುವುದಿಲ್ಲ. ನನ್ನ ಮೇಜಿನಲ್ಲಿ ಕೆಳಗಿನ ಮಟ್ಟದಲ್ಲಿದ್ದಾಗ ಒಳ ಚೌಕಟ್ಟು ಹೊರ ಚೌಕಟ್ಟಿನೊಳಗೆ 40 ಸೆಂ.ಮೀ. ಇಳಿದಿರುತ್ತಿತ್ತು, ಮೇಲಿನ ಮಟ್ಟದಲ್ಲಿ ಉಳಿಯುತ್ತಿದ್ದದ್ದು 15 ಸೆಂ.ಮೀ. ಮಾತ್ರ. ಜಾರಲು ಅನುಕೂಲವಾಗಲೆಂದು ಎರಡರ ನಡುವೆ ಬಿಟ್ಟಿರುವ ಒಂದೆರಡು ಮಿ.ಮೀ. ಸಡಿಲವು, ಹಿಡಿತದ ಉದ್ದ ಇಷ್ಟು ಕುಗ್ಗಿದಾಗ, ಎರಡೂವರೆ ಪಟ್ಟಿಗೂ ಹೆಚ್ಚಿನ ವಾಲಿಕೆಯಾಗಿ ಕಾಣಿಸಿಕೊಳ್ಳುತ್ತದೆ. ಮರವಾದ್ದರಿಂದ ಈ ಸಡಿಲವೂ ವರ್ಷವಿಡೀ ಒಂದೇ ಸಮ ಇರುವುದಿಲ್ಲ: ಮಳೆಗಾಲದ ತೇವಕ್ಕೆ ಉಬ್ಬಿ ಒಳ ಚೌಕಟ್ಟು ಸಿಕ್ಕಿಕೊಳ್ಳುತ್ತದೆ, ಫೆಬ್ರವರಿ, ಮಾರ್ಚ್‌ನ ಒಣ ಹವೆಗೆ ಕುಗ್ಗಿ ಗಡಗಡ ಎನ್ನುತ್ತದೆ. ಬೋಲ್ಟುಗಳನ್ನು ಒಮ್ಮೆ ಬಿಗಿ ಮಾಡಿ ಮರೆತುಬಿಡಬಹುದು ಎಂದುಕೊಳ್ಳುವಂತಿಲ್ಲ.

ಹಲಗೆಯ ವಿಚಾರದಲ್ಲೂ ಗಮನಿಸಬೇಕಾದದ್ದಿದೆ. 18 ಮಿ.ಮೀ. ಪಾರ್ಟಿಕಲ್ ಬೋರ್ಡಿಗೆ ಹಾಕುವ ತಿರುಪು ಮೇಲಕ್ಕೆ ತೂರಿ ಬರಬಾರದೆಂದು 16 ಮಿ.ಮೀ. ಉದ್ದದ್ದನ್ನು ಕೊಟ್ಟಿದ್ದರು; ಬ್ರಾಕೆಟ್ಟಿನ ದಪ್ಪ ಕಳೆದರೆ ಹಲಗೆಯೊಳಗೆ ಇಳಿಯುವುದು ಇನ್ನೂ ಕಡಿಮೆ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಆ ಹಲಗೆಯಲ್ಲಿ ಎಳೆಗಳಿಲ್ಲದ ಕಾರಣ, ತಿರುಪು ಹಿಂದೆ ಮುಂದೆ ಅಲುಗತೊಡಗಿದರೆ ಸುತ್ತಲಿನ ಪುಡಿ ಕಳಚುತ್ತ ಹೋಗುತ್ತದೆ, ಮತ್ತೆ ಬಿಗಿ ಮಾಡಿದರೆ ತಿರುಪು ಸುಮ್ಮನೆ ಸುತ್ತುತ್ತದೆ. ಹಲಗೆ ಜೋತು ಬೀಳುವ ಸಮಸ್ಯೆ ಬೇರೆಯೇ. ಹಲಗೆಯ ಬಿಗುವು, ಅಂದರೆ ಬಾಗದೆ ತಡೆಯುವ ಗುಣ, ಅದರ ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಂದರೆ ಅದೇ ವಸ್ತುವಿನ 25 ಮಿ.ಮೀ. ಹಲಗೆಯು 18 ಮಿ.ಮೀ. ಹಲಗೆಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಬಿಗಿ. ಚಿತ್ರದಲ್ಲಿ ಚೆನ್ನಾಗಿ ಕಾಣಲೆಂದು ಕಾಲುಗಳನ್ನು ಎರಡು ತುದಿಗೆ ಇಡುವುದಕ್ಕಿಂತ, ಪ್ರತಿ ತುದಿಯಿಂದ 20 ಸೆಂ.ಮೀ. ಒಳಗೆ ಇಟ್ಟರೆ ನಡುವಿನ ಜೋತು ಗಣನೀಯವಾಗಿ ತಗ್ಗುತ್ತದೆ.

ಈ ಮೇಜಿನಲ್ಲಿ ದಿನಕ್ಕೆ ಎಷ್ಟು ಬಾರಿ ಬೇಕಾದರೂ ಕುಳಿತೂ ನಿಂತೂ ಕೆಲಸ ಮಾಡಬಹುದು ಎಂಬ ಜಾಹೀರಾತಿನ ಮಾತನ್ನು ನಾನು ಈಗ ಸುಳ್ಳೆಂದೇ ಕರೆಯುತ್ತೇನೆ. ಎತ್ತರ ಬದಲಿಸಬೇಕಾದರೆ ಮೇಜಿನ ಮೇಲಿರುವುದನ್ನೆಲ್ಲ ಇಳಿಸಬೇಕು, ತುದಿಗೊಬ್ಬರಂತೆ ಇಬ್ಬರು ಹಿಡಿಯಬೇಕು, ನಾಲ್ಕೂ ಪಿನ್ನುಗಳನ್ನು ತೆಗೆದು ಹಾಕಬೇಕು. ಒಬ್ಬರೇ ಒಂದು ತುದಿಯನ್ನು ಮೊದಲು ಎತ್ತಿದರೆ ಹಲಗೆ ಓರೆಯಾಗಿ, ಅದರ ಎಳೆತವೆಲ್ಲ ಇನ್ನೊಂದು ತುದಿಯ ತಿರುಪುಗಳ ಮೇಲೆ ಬೀಳುತ್ತದೆ. ಒಮ್ಮೆ ತಮ್ಮ ಎತ್ತರಕ್ಕೆ ಹೊಂದಿಸಿಕೊಂಡು ಹಾಗೆಯೇ ಬಿಡುವವರಿಗೆ ಈ ವ್ಯವಸ್ಥೆ ಆದೀತು. ದಿನವೂ ಏರಿಸಿ ಇಳಿಸುವ ಉದ್ದೇಶವಿದ್ದರೆ ಇದು ಬೇಡ. ಅದರಲ್ಲೂ ಮಕ್ಕಳು ಮೇಜಿನ ಕೆಳಗೆ ನುಸುಳುವ ಮನೆಯಲ್ಲಿ, ಅಡ್ಡಪಟ್ಟಿಯಿಲ್ಲದೆ ಇದನ್ನು ಏರಿಸಲೇಬಾರದು.

ಈಗಾಗಲೇ ಕೊಂಡಿರುವವರು ಎಸೆಯಬೇಕಾಗಿಲ್ಲ. ಆಚಾರ್ರು ನನ್ನ ಟ್ರೆಸಲ್‌ಗಳನ್ನು ಉಳಿಸಿಕೊಟ್ಟ ರೀತಿ ಇದು: ಸೀಳಿದ ಕಂಬಕ್ಕೆ ಬದಲಾಗಿ ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಿಂದ ತಂದ ಹೊಸ ಮರವನ್ನು ಹಾಕಿ, ಎರಡು ಕಂಬಗಳನ್ನೂ ಒಟ್ಟಿಗೆ ಬಿಗಿದು ಹಿಡಿದು ಒಂದೇ ಸಲಕ್ಕೆ ತೂತು ಕೊರೆದರು, ಹೀಗೆ ಮಾಡಿದರೆ ಮಟ್ಟ ತಪ್ಪುವುದಿಲ್ಲ. ಹಿಂಬದಿಯಲ್ಲಿ ಎರಡು ಕಾಲುಗಳನ್ನು ಸೇರಿಸುವ ಒಂದು ಅಗಲವಾದ ಅಡ್ಡಪಟ್ಟಿ, ಅದರಿಂದ ಹಲಗೆಯ ಕೆಳಭಾಗಕ್ಕೆ ಓರೆಯಾಗಿ ಎರಡು ರೀಪರ್‌ಗಳನ್ನು (ಮರದ ಸಣ್ಣ ಪಟ್ಟಿಗಳನ್ನು) ಬೋಲ್ಟು ಹಾಕಿ ಕೂರಿಸಿದರು. ಹಲಗೆಯನ್ನು 25 ಮಿ.ಮೀ. ಪ್ಲೈವುಡ್‌ಗೆ ಬದಲಿಸಿ, ತಿರುಪಿನ ಬದಲು ಆರಪಾರ ಎಂ6 (6 ಮಿ.ಮೀ. ದಪ್ಪದ) ಬೋಲ್ಟುಗಳನ್ನು ದೊಡ್ಡ ವಾಷರ್ ಸಹಿತ ಹಾಕಿದರು. ಇಂಥ ಬೋಲ್ಟು, ವಾಷರ್, ಪಿನ್ನುಗಳೆಲ್ಲ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತವೆ. ಕೊನೆಗೆ ರಸಮಟ್ಟವಿಟ್ಟು ನೋಡಿ, ಟೇಪಿನಿಂದ ಹಿಂಬದಿಯ ಚೌಕದ ಎರಡು ಕರ್ಣಗಳನ್ನೂ ಅಳೆದರು. ಕರ್ಣಗಳು ಸಮವಾಗುವವರೆಗೆ ಬೋಲ್ಟುಗಳನ್ನು ಪೂರ್ತಿ ಬಿಗಿಯಲಿಲ್ಲ. ಜೋಡಿಸಿಕೊಡಲು ಬಂದವರ ಬಳಿ ರಸಮಟ್ಟವೂ ಟೇಪೂ ಇಲ್ಲವೆಂದರೆ, ಮುಂದೇನಾಗುತ್ತದೆಂದು ಹೇಳಬೇಕಾಗಿಲ್ಲ.

ಇನ್ನು ಒಟಿಪಿ. ನಾನು ದೂರು ಕೊಟ್ಟಾಗ ಮಾರಾಟಗಾರರ ಕಡೆಯವರು ಹೇಳಿದ ಮೊದಲ ಮಾತು, “ಜೋಡಣೆ ತೃಪ್ತಿಕರವಾಗಿದೆ ಎಂದು ನೀವೇ ಒಟಿಪಿ ಮೂಲಕ ದೃಢಪಡಿಸಿದ್ದೀರಿ” ಎಂಬುದು. ಮೊಬೈಲಿಗೆ ಬಂದ ಸಂದೇಶದಲ್ಲಿ ತೃಪ್ತಿಯ ಮಾತೇ ಇರಲಿಲ್ಲ, ಬರೀ ಅಂಕಿಗಳಿದ್ದವು. ಮೇಜನ್ನು ನೀವು ಬಳಸುವ ಅತಿ ಹೆಚ್ಚಿನ ಎತ್ತರಕ್ಕೆ ಏರಿಸಿ, ಪಕ್ಕದಿಂದ ತಳ್ಳಿ ನೋಡಿ, ಅಲುಗುವುದನ್ನು ವೀಡಿಯೊ ಮಾಡಿಕೊಳ್ಳುವವರೆಗೆ ಆ ಅಂಕಿಗಳನ್ನು ಹೇಳಬೇಡಿ. ಬಂದವರು ಅವಸರಪಡಿಸುತ್ತಾರೆ, ಸಂಬಳ ಕಡಿತವಾಗುತ್ತದೆ ಎಂದೂ ಹೇಳುತ್ತಾರೆ. ಅದು ನಿಜವೂ ಇರಬಹುದು, ಆದರೂ ಹೇಳಬೇಡಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಆನ್‌ಲೈನ್ ಮಾರಾಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕ ಸೇವೆಯ ಚಾಟಿನಲ್ಲಿ ದಿನ ಕಳೆಯುವ ಬದಲು ಆ ಅಧಿಕಾರಿಗೇ ಇಮೇಲ್ ಬರೆಯಿರಿ. ಅವರ ಹೆಸರು, ವಿಳಾಸವನ್ನು ಜಾಲತಾಣದಲ್ಲಿ ಪ್ರಕಟಿಸುವುದು ಕಡ್ಡಾಯ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಕನ್ನಡದಲ್ಲಿಯೇ ಮಾತನಾಡಬಹುದು. ನನಗೆ ಮೇಜಿನ ಹಣ ವಾಪಸು ಬಂದದ್ದು ಸಹಾಯವಾಣಿಯಲ್ಲಿ ದೂರು ದಾಖಲಾದ ಮೇಲೆಯೇ. ಒಡೆದ ಮಾನಿಟರ್‌ನ ಬೆಲೆಯನ್ನು ಮಾತ್ರ ಕೊಡಲಾಗದು, ಅದು ತಮ್ಮ ಸರಕಲ್ಲ ಎಂದು ಮಾರಾಟಗಾರರು ಬರೆದು ತಿಳಿಸಿದ್ದಾರೆ. ದೋಷವಿರುವ ಸರಕಿನಿಂದ ಬೇರೆ ಆಸ್ತಿಗೆ ಆದ ಹಾನಿಗೂ ಹೊಣೆ ಇರುತ್ತದೆ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. 5 ಲಕ್ಷ ರೂಪಾಯಿವರೆಗಿನ ಸರಕಿನ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ಸೀಳಿದ ಕಂಬ, ಪುಡಿಯಾದ ಹಲಗೆ, ಆಚಾರ್ರು ಬರೆದುಕೊಟ್ಟ ಚೀಟಿ ಇವುಗಳ ಜತೆಗೆ ಅರ್ಜಿ ಸಿದ್ಧಪಡಿಸುತ್ತಿದ್ದೇನೆ.